ಸೇನೆಯಿಂದ ಬಂದ ಹೆಣ್ಣುಮಕ್ಕಳಿಗೆ: ಹದ ತಪ್ಪಿದ ಊಟನ ಹಳಿಗೆ ತರೋದು ಎಲ್ಲಿಂದ ಶುರು ಮಾಡೋದು

ಮೊದಲೇ ಹೇಳ್ಬಿಡ್ತೀನಿ. ನೀವು ಸೇನೆಲಿ ಇದ್ದು ಬಂದವರು, ಊಟದ ವಿಷಯದಲ್ಲಿ ಏನೋ ಹದ ತಪ್ಪಿದೆ ಅಂತ ನಿಮ್ಗೇ ಗೊತ್ತಾಗ್ತಾ ಇದೆ, ಸೋಮವಾರದಿಂದ ಇನ್ನೊಂದು ಸ್ಟ್ರಿಕ್ಟ್ ಡಯಟ್ ಹಿಡಿದ್ರೆ ಎಲ್ಲಾ ಸರಿಹೋಗತ್ತೆ ಅಂದ್ಕೊಂಡಿದ್ರೆ, ಆ ಡಯಟ್ ಒಂದನ್ನ ಮಾತ್ರ ಶುರು ಮಾಡ್ಬೇಡಿ. ನಾನು ಹೇಳೋಕೆ ಹೊರಟಿರೋದ್ರಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು ಇದೇ. ಶಿಸ್ತು ಕಮ್ಮಿ ಆಗಿ ನಿಮ್ಗೆ ಹೀಗಾಗಿಲ್ಲ. ಹಸಿವನ್ನ ಒತ್ತಿ ಹಿಡಿಯೋದು, ನೋವು ತೋರಿಸ್ಕೊಳ್ದೇ ಇರೋದು, ಬೇಕಾದ ನಂಬರ್ ಬರೋ ತನಕ ದೇಹ ದಂಡಿಸೋದು, ಇವನ್ನೆಲ್ಲ ವರ್ಷಗಟ್ಟಲೆ ಕಲಿತು ಪಳಗಿದವರು ನೀವು. ಕಾಯಿಲೆ ಬೇರು ಬಿಟ್ಟಿರೋದೂ ಆ ಕಲಿಕೆ ಮೇಲೇನೇ, ಹಾಗಾಗಿ ಅದಕ್ಕೆ ಮದ್ದು ಅಂತ ಇನ್ನಷ್ಟು ಶಿಸ್ತು ಹೇರಿದ್ರೆ ಅದು ಇನ್ನಷ್ಟು ಗಟ್ಟಿಯಾಗತ್ತೆ.

ದಿನವಿಡೀ ಏನೂ ತಿನ್ನದೆ ಇದ್ದು ರಾತ್ರಿ ಎಲ್ಲಾ ಮಲಗಿದ ಮೇಲೆ ಅಡುಗೆಮನೇಲಿ ದೀಪ ಹಾಕದೆ ನಿಂತ್ಕೊಂಡೇ ಹೊಟ್ಟೆ ಬಿರಿಯೋ ಹಾಗೆ ತಿನ್ನೋರು, ತಿಂದಿದ್ದನ್ನ ವಾಂತಿ ಮಾಡಿ ತೆಗೆಯೋರು, ಭೇದಿ ಮಾತ್ರೆ ನುಂಗೋರು, ಒಂದು ಹೊತ್ತು ಜಾಸ್ತಿ ತಿಂದ್ರೆ ಮಾರನೇ ದಿನ ಮಂಡಿ ನೋಯ್ತಿದ್ರೂ ಓಡಿ ತೀರಿಸೋರು, ಬೇರೆಯವರ ಎದುರು ತಿನ್ನೋಕೆ ಆಗದೇ ಇರೋರು, ಇವರೆಲ್ಲರಿಗೂ ಇದು ಬರೆದಿರೋದು. ತೂಕ ಎಷ್ಟಾದ್ರೂ ಇರ್ಲಿ. ತೆಳ್ಳಗಿದ್ದವರಿಗೆ ಮಾತ್ರ ಈಟಿಂಗ್ ಡಿಸಾರ್ಡರ್ (ಊಟಕ್ಕೆ ಸಂಬಂಧಪಟ್ಟ ಮಾನಸಿಕ ಕಾಯಿಲೆ) ಬರೋದು ಅನ್ನೋ ನಂಬಿಕೆಯಿಂದ ಎಷ್ಟೋ ಜನ ವರ್ಷಾನುಗಟ್ಟಲೆ ಟ್ರೀಟ್‌ಮೆಂಟ್ ಇಲ್ಲದೆ ಉಳಿದಿದ್ದಾರೆ. ಮನೋವೈದ್ಯರು ರೋಗ ಗುರುತಿಸೋಕೆ ಬಳಸೋ ಡಿಎಸ್‌ಎಂ ಕೈಪಿಡಿಲಿ ಬಿಂಜ್ ಈಟಿಂಗ್ ಡಿಸಾರ್ಡರ್‌ಗೆ (ಹಿಡಿತ ತಪ್ಪಿ ಮುಗಿಬಿದ್ದು ತಿನ್ನೋ ಕಾಯಿಲೆ) ತನ್ನದೇ ಆದ ಜಾಗ ಸಿಕ್ಕಿದ್ದೇ 2013ರ ಐದನೇ ಆವೃತ್ತಿಲಿ, ಅದೇ ಆವೃತ್ತಿಲಿ ತೂಕ ಮಾಮೂಲಾಗಿ ಕಂಡ್ರೂ ಅನೊರೆಕ್ಸಿಯಾದ (ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋ ಕಾಯಿಲೆ) ಉಳಿದ ಲಕ್ಷಣ ಎಲ್ಲಾ ಇರೋರನ್ನೂ ಸೇರಿಸಿದ್ರು. ಅಂದ್ರೆ ನಿಮ್ಮಲ್ಲಿ ಎಷ್ಟೋ ಜನ ಸರ್ವೀಸ್‌ಲಿ ಇದ್ದಾಗ ಈ ಕಷ್ಟಕ್ಕೆ ಸರಿಯಾದ ಹೆಸರೇ ಇರ್ಲಿಲ್ಲ.

ಇದು ಎಲ್ಲಿಂದ ಬಂತು ಅಂತ ಒಮ್ಮೆ ಕೂತು ನೋಡಿ

ಕಾರಣ ಗೊತ್ತಾದ್ರೆ ನಾಚಿಕೆ ಸ್ವಲ್ಪ ಇಳಿಯತ್ತೆ, ನಾಚಿಕೆ ಇಳಿದ್ರೆ ಮಾತ್ರ ಬಾಯಿ ಬಿಟ್ಟು ಹೇಳೋಕಾಗೋದು, ಅದಕ್ಕೇ ಇದನ್ನ ಮೊದಲು ಇಟ್ಟಿದ್ದೀನಿ.

ಟ್ರೈನಿಂಗ್ ದಿನಗಳನ್ನ ನೆನಪು ಮಾಡ್ಕೊಳ್ಳಿ. ಮೆಸ್‌ನಲ್ಲಿ ತಟ್ಟೆ ಮುಂದಿಟ್ಕೊಂಡು ಕೂರೋದಕ್ಕೂ ಏಳಿ ಅಂತ ಕೂಗೋದಕ್ಕೂ ನಡುವೆ ಸಿಗ್ತಿದ್ದ ಸಮಯ ಅಗಿದು ನುಂಗೋಕೂ ಸಾಲ್ತಿರ್ಲಿಲ್ಲ. ಸಿಕ್ಕಾಗ ತಿಂದ್ಬಿಡು, ಮುಂದಿನ ಊಟ ಯಾವಾಗ್ಲೋ ಏನೋ, ಇದು ಫೀಲ್ಡಲ್ಲಿ ಬದುಕೋ ಬುದ್ಧಿನೇ. ಆದ್ರೆ ಹಸಿವು ಆಗಿದ್ಯಾ, ಹೊಟ್ಟೆ ತುಂಬ್ತಾ ಅಂತ ದೇಹ ಹೇಳೋ ಮಾತನ್ನ ಕೇಳಿಸ್ಕೊಳ್ಳೋ ಅಭ್ಯಾಸ ಅಲ್ಲೇ ತಪ್ಪಿಹೋಗತ್ತೆ. ಮನೆಗೆ ಬಂದು ಹತ್ತು ವರ್ಷ ಆದ್ರೂ ಎಷ್ಟೋ ಜನ ಪಕ್ಕದಲ್ಲಿರೋರು ಮೊದಲ ತುತ್ತು ಎತ್ತೋ ಹೊತ್ತಿಗೆ ತಮ್ಮ ತಟ್ಟೆ ಖಾಲಿ ಮಾಡಿರ್ತಾರೆ.

ಇನ್ನೊಂದು ಅಳತೆ. ಸೇನೆಗಳಲ್ಲಿ ಎತ್ತರಕ್ಕೆ ತಕ್ಕ ತೂಕದ ಪಟ್ಟಿ ಇರತ್ತೆ, ಅಮೆರಿಕದ ಸೈನ್ಯದಲ್ಲಿ ಅದಕ್ಕಿಂತ ಜಾಸ್ತಿ ತೂಗಿದ್ರೆ ಟೇಪ್ ಹಿಡಿದು ಅಳೀತಿದ್ರು. ಗಂಡಸರಿಗೆ ಕುತ್ತಿಗೆ ಮತ್ತೆ ಹೊಟ್ಟೆ, ಹೆಂಗಸರಿಗೆ ಕುತ್ತಿಗೆ, ಸೊಂಟ, ಜೊತೆಗೆ ನಿತಂಬ ಕೂಡ, ಒಬ್ರು ಟೇಪ್ ಹಿಡಿಯೋರು, ಇನ್ನೊಬ್ರು ನಂಬರ್ ಬರ್ಕೊಳೋರು. 2023ರಲ್ಲಿ ಅಲ್ಲಿ ಹೊಟ್ಟೆ ಸುತ್ತಳತೆ ಒಂದೇ ಸಾಕು ಅಂತ ಬದಲಾಯಿಸಿದ್ರು, ಆದ್ರೆ ಅದಕ್ಕೂ ಮೊದಲು ಸೇವೆ ಮಾಡಿದವರ ತಲೇಲಿ ಹಳೇ ಟೇಪೇ ಉಳ್ಕೊಂಡಿರತ್ತೆ. ಅಳತೆ ತಪ್ಪಿದ್ರೆ ಬಡ್ತಿ ನಿಲ್ಲತ್ತೆ, ಕೋರ್ಸ್ ಸಿಗಲ್ಲ, ಕೆಲಸವೇ ಹೋಗ್ಬಹುದು, ಅದಕ್ಕೇ ತೂಗೋ ದಿನ ಹತ್ರ ಬಂದ ಹಾಗೆ ಊಟ ಬಿಡೋದು, ನೀರು ಬಿಡೋದು, ಅದು ಮುಗಿದ ಸಂಜೆ ಸಿಕ್ಕಿದ್ದೆಲ್ಲ ತಿನ್ನೋದು. ಉಪವಾಸ, ಆಮೇಲೆ ಮುಗಿಬಿದ್ದು ತಿನ್ನೋದು, ಮತ್ತೆ ಉಪವಾಸ, ಈ ಚಕ್ರ ಅಲ್ಲೇ ಹುಟ್ಟಿದ್ದು. ಮಕ್ಕಳನ್ನ ಹೆತ್ತವರಿಗೆ ಇನ್ನೂ ಕಷ್ಟ. ಹೆರಿಗೆ ಆಗಿ ಒಂದು ವರ್ಷದ ತನಕ ತೂಕದ ನಿಯಮದಿಂದ ಬಿಡುವು ಅಂತ ಅಮೆರಿಕದ ಸೈನ್ಯ ಹೇಳಿದ್ದು 2022ರಲ್ಲಿ, ಅದಕ್ಕೂ ಹಿಂದೆ ಹೆತ್ತವರು ಎದೆಹಾಲು ಕುಡಿಸ್ತಾ ಇರೋ ದಿನಗಳಲ್ಲೇ ಆ ನಂಬರ್ ಹಿಂದೆ ಓಡಿದ್ದಾರೆ, ಇದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಸಂಕಟ ಆಗತ್ತೆ.

ಹಸಿವು ಮನಸ್ಸಿಗೆ ಏನು ಮಾಡತ್ತೆ ಅಂತ ತೋರಿಸಿದ ಒಂದು ಹಳೇ ಪ್ರಯೋಗ ಇದೆ, ಇದನ್ನ ನಾನು ಸಿಕ್ಕವರಿಗೆಲ್ಲ ಹೇಳ್ತೀನಿ. 1944ರ ಕೊನೇಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋರು 36 ಜನ ಆರೋಗ್ಯವಂತ ಯುವಕರನ್ನ ಸೇರಿಸ್ಕೊಂಡ್ರು. ಇವರು ಮನಸ್ಸಾಕ್ಷಿ ಒಪ್ಪಲ್ಲ ಅಂತ ಯುದ್ಧಕ್ಕೆ ಹೋಗಲ್ಲ ಅಂದವರು, ಯುದ್ಧದ ಹಸಿವಿಂದ ನರಳ್ತಿರೋರಿಗೆ ಉಪಯೋಗ ಆಗ್ಲಿ ಅಂತ ಸ್ವಇಚ್ಛೆಯಿಂದ ಬಂದವರು. 24 ವಾರ ಅರೆಹೊಟ್ಟೆ ಊಟ ಕೊಟ್ರು. ಗಟ್ಟಿಮುಟ್ಟಾಗಿದ್ದ ಆ ಹುಡುಗರು ಅಡುಗೆ ಪುಸ್ತಕ ಕೂಡಿಟ್ಕೊಂಡು ಓದೋಕೆ ಶುರು ಮಾಡಿದ್ರು, ತಟ್ಟೆ ನೆಕ್ಕಿದ್ರು, ಸಿಡುಕು, ಖಿನ್ನತೆ, ಜನರಿಂದ ದೂರ, ಕೆಲವರು ಕದ್ದು ಮುಚ್ಚಿ ತಿಂದು ಆಮೇಲೆ ತಮ್ಮನ್ನೇ ಹಳಿದ್ಕೊಂಡ್ರು. ಮತ್ತೆ ಊಟ ಕೊಡೋಕೆ ಶುರು ಮಾಡಿದ ಮೇಲೂ ಎಷ್ಟು ತಿಂದ್ರೂ ತೃಪ್ತಿ ಇಲ್ದೇ ತಿಂಗಳುಗಟ್ಟಲೆ ಒದ್ದಾಡಿದವರಿದ್ದಾರೆ. ಅವರಿಗೆ ಮೊದಲಿಂದ ಯಾವ ಈಟಿಂಗ್ ಡಿಸಾರ್ಡರೂ ಇರ್ಲಿಲ್ಲ. ರಾತ್ರಿ ಅಡುಗೆಮನೇಲಿ ನಿಮ್ಗೆ ಆಗೋದನ್ನ ಹಸಿವೊಂದೇ ಮಾಡಿಸ್ಬಲ್ಲದು ಅಂತ ಇದರಿಂದ ಗೊತ್ತಾಗತ್ತೆ, ಅದಕ್ಕೆ ಕೆಟ್ಟವರಾಗಿರೋದೂ ಬೇಡ, ದುರ್ಬಲರಾಗಿರೋದೂ ಬೇಡ.

ಇದರ ಮೇಲೆ ಆಘಾತ ಬೇರೆ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳನ್ನ ನಡೆಸೋ ವೆಟರನ್ಸ್ ಅಫೇರ್ಸ್ ಇಲಾಖೆ, ಅಂದ್ರೆ ವಿಎ, ತನ್ನ ಹತ್ರ ಬರೋ ಎಲ್ಲರನ್ನೂ ಒಂದು ವಿಷಯ ಕೇಳತ್ತೆ, ಸೇವೇಲಿದ್ದಾಗ ಲೈಂಗಿಕ ಕಿರುಕುಳ ಅಥವಾ ಹಲ್ಲೆ ಆಗಿತ್ತಾ ಅಂತ. ಸುಮಾರು 3 ಜನ ಹೆಂಗಸರಲ್ಲಿ ಒಬ್ರು ಹೌದು ಅಂತಾರೆ. ಇಂಥ ಅನುಭವ, ಪಿಟಿಎಸ್‌ಡಿ (ಆಘಾತ ಆದ್ಮೇಲೆ ಬಿಡದೆ ಕಾಡೋ ಮಾನಸಿಕ ತೊಂದರೆ), ಖಿನ್ನತೆ, ಊಟದ ತೊಂದರೆ, ಇವು ಒಂದರ ಜೊತೆ ಒಂದು ಹೆಣೆದುಕೊಂಡಿರೋದನ್ನ ಮಾಜಿ ಸೈನಿಕ ಮಹಿಳೆಯರ ಮೇಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹೇಗೆ ಅಂದ್ರೆ, ತಿಂತಾ ಇರೋ ಹತ್ತು ನಿಮಿಷ ತಲೇಲಿ ಓಡೋ ಚಿತ್ರ ನಿಲ್ಲತ್ತೆ. ವಾಂತಿ ಆದ ಮೇಲೆ ಒಂಥರಾ ಖಾಲಿತನ, ಸಮಾಧಾನ. ಕೆಲವರು ದಪ್ಪ ಆದ್ರೆ ಯಾರೂ ನನ್ನ ಕಡೆ ಆ ಥರ ನೋಡಲ್ಲ ಅಂತ ಒಳಗೊಳಗೇ ಅಂದ್ಕೊಂಡಿರ್ತಾರೆ, ಇನ್ನು ಕೆಲವರು ಇದ್ದೂ ಇಲ್ಲದ ಹಾಗೆ ಸಣ್ಣಗಾಗ್ಬೇಕು ಅಂತ ಹೊರಡ್ತಾರೆ. ಎರಡೂ ದೇಹನ ಕಾಪಾಡ್ಕೊಳ್ಳೋ ದಾರಿಗಳೇ. ಅದಕ್ಕೇ ಬರೀ ಬಾಯಿಗೆ ಬೀಗ ಹಾಕ್ಕೋ ಅಂತ ಹೇಳಿದ್ರೆ ಏನೂ ಆಗಲ್ಲ, ಆ ಕಾಪು ತೆಗೆದ ಮೇಲೆ ಅದರ ಜಾಗಕ್ಕೆ ಬೇರೆ ಆಸರೆ ಬೇಕು.

ನಿಮ್ಮನ್ನೇ ಕೇಳ್ಕೊಳ್ಳಿ

1999ರಲ್ಲಿ ಬ್ರಿಟನ್ನಿನ ಡಾಕ್ಟರುಗಳು ಸ್ಕಾಫ್ ಅಂತ ಐದು ಪ್ರಶ್ನೆ ಮಾಡಿದ್ರು, ಸುಲಭ ಇದೆ. ಹೊಟ್ಟೆ ಅಸಹ್ಯ ಅನ್ನಿಸೋಷ್ಟು ತುಂಬಿದೆ ಅಂತ ಬೇಕಂತಲೇ ವಾಂತಿ ಮಾಡ್ತೀರಾ? ಎಷ್ಟು ತಿಂತೀನಿ ಅನ್ನೋದ್ರ ಮೇಲೆ ಹಿಡಿತ ತಪ್ಪಿದೆ ಅಂತ ಚಿಂತೆ ಆಗತ್ತಾ? ಕಳೆದ 3 ತಿಂಗಳಲ್ಲಿ 6 ಕೆಜಿಗಿಂತ ಜಾಸ್ತಿ ಇಳಿದಿದ್ದೀರಾ? ಬೇರೆಯವರು ಸಣ್ಣ ಆಗಿದ್ದೀಯ ಅಂತಿದ್ರೂ ನಿಮ್ಗೆ ದಪ್ಪ ಇದ್ದೀನಿ ಅನ್ನಿಸತ್ತಾ? ಊಟದ ಯೋಚನೆನೇ ಬದುಕನ್ನ ಆಳ್ತಾ ಇದೆ ಅನ್ನಿಸತ್ತಾ? ಎರಡಕ್ಕೆ ಹೌದು ಅಂದ್ರೆ ಡಾಕ್ಟರ ಹತ್ರ ಹೋಗಿ. ಇದು ರೋಗ ಇದೆ ಅಂತ ತೀರ್ಪು ಕೊಡೋದಲ್ಲ, ಬರೀ ಗಂಟೆ ಬಾರಿಸೋದು. ಬಿಂಜ್ ತೊಂದರೆ ಇರೋರು ಇದ್ರಲ್ಲಿ ತಪ್ಪಿಸ್ಕೊಳ್ಳೋ ಸಾಧ್ಯತೆ ಇದೆ, ಹಾಗಾಗಿ ಒಂದಕ್ಕೆ ಮಾತ್ರ ಹೌದು ಬಂದ್ರೂ ನಿಮ್ಮ ಮನಸ್ಸು ಏನೋ ಸರಿ ಇಲ್ಲ ಅಂತಿದ್ರೆ ಮನಸ್ಸಿನ ಮಾತೇ ಕೇಳಿ.

ಡಾಕ್ಟರ ಮುಂದೆ ಏನಂತ ಹೇಳೋದು

ಇಲ್ಲೇ ಜಾಸ್ತಿ ಜನ ಎಡವೋದು. ಬಾಗಿಲ ತನಕ ಹೋಗಿ, ಮಂಡಿ ನೋವು, ನಿದ್ದೆ ಬರಲ್ಲ, ಗ್ಯಾಸ್ಟ್ರಿಕ್ ಅಂತೆಲ್ಲ ಹೇಳಿ, ಮುಖ್ಯವಾದ್ದನ್ನ ನುಂಗಿ ವಾಪಸ್ ಬರ್ತಾರೆ. ಹುಷಾರಿಲ್ಲ ಅಂತ ಸಿಕ್ ರಿಪೋರ್ಟ್ ಮಾಡಿದ್ರೆ ನಾಟಕ ಅಂತಾರೆ ಅನ್ನೋ ಹಳೇ ಭಯ ಅದು. ಹೆಂಗಸು ಅಂದ್ಮೇಲೆ ಅದು ಇನ್ನೂ ಎರಡರಷ್ಟು, ಅಳ್ತಾಳೆ ಅಂತ ಅನ್ನಿಸ್ಕೊಳ್ಬಾರ್ದು ಅಂತಲೇ ಎಷ್ಟೋ ವರ್ಷ ಹಲ್ಲು ಕಚ್ಚಿರ್ತೀರ.

ಹಾಗಾಗಿ ಬಾಯಲ್ಲಿ ಹೇಳೋಕೆ ಆಗದಿದ್ರೆ ಬರ್ಕೊಂಡು ಹೋಗಿ ಹಾಳೆನ ಕೈಗೆ ಕೊಟ್ಬಿಡಿ. ಹೀಗೆ ಬರೀಬಹುದು: ನಾನು ಇಷ್ಟು ವರ್ಷ ಸೇನೆಲಿದ್ದೆ. ವಾರಕ್ಕೆ ಇಷ್ಟು ಸಲ ಹಿಡಿತ ತಪ್ಪಿ ತಿಂತೀನಿ. ಇಷ್ಟು ಸಲ ವಾಂತಿ ಮಾಡ್ತೀನಿ, ಅಥವಾ ಮಾಡಲ್ಲ. ಊಟ ಬಿಟ್ಟು ಇಷ್ಟು ಗಂಟೆ ಇರ್ತೀನಿ. ಮುಟ್ಟು ಇಷ್ಟು ತಿಂಗಳಿಂದ ಸರಿಯಾಗಿಲ್ಲ. ಸೇವೇಲಿ ನಡೆದ ಕೆಲವು ವಿಷಯ ಇದೆ, ಅದನ್ನ ಇವತ್ತು ಮಾತಾಡೋಕೆ ನಂಗಾಗಲ್ಲ. ದಯವಿಟ್ಟು ನನ್ನ ತೂಕದ ನಂಬರ್ ನಂಗೆ ತೋರಿಸ್ಬೇಡಿ. ಇಷ್ಟೇ. ಕೊನೇ ಎರಡು ಸಾಲು ಬರೆಯೋ ಹಕ್ಕು ನಿಮ್ಗೆ ಪೂರ್ತಿ ಇದೆ. ತೂಕ ನೋಡಲೇಬೇಕು ಅಂದ್ರೆ ತಕ್ಕಡಿಗೆ ಬೆನ್ನು ಮಾಡಿ ನಿಲ್ಬಹುದು, ಇದನ್ನ ಒಳ್ಳೇ ಕ್ಲಿನಿಕ್‌ಗಳಲ್ಲಿ ಮಾಮೂಲಾಗಿ ಮಾಡ್ತಾರೆ. ಮುಟ್ಟೋ ಮುಂಚೆ ಹೇಳಿ ಮುಟ್ಟಿ, ಬಾಗಿಲು ಕಾಣೋ ಕಡೆ ಕೂರ್ತೀನಿ, ಹೆಂಗಸು ಡಾಕ್ಟರೇ ಬೇಕು, ಇವನ್ನೂ ಕೇಳಿ.

ಏನೇನು ಟೆಸ್ಟ್ ಅಂದ್ರೆ, ರಕ್ತದಲ್ಲಿ ಪೊಟ್ಯಾಸಿಯಂ, ಸೋಡಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಜೊತೆಗೆ ಇಸಿಜಿ, ಮಲಗಿದಾಗ ಒಂದು ಸಲ ನಿಂತಾಗ ಒಂದು ಸಲ ಬಿಪಿ. ವಾಂತಿ, ಭೇದಿ ಮಾತ್ರೆ ಎರಡೂ ಪೊಟ್ಯಾಸಿಯಂ ಇಳಿಸತ್ತೆ, ಅದು ಇಳಿದ್ರೆ ಹೃದಯದ ಬಡಿತ ಹದ ತಪ್ಪತ್ತೆ, ಹೊರಗಡೆಯಿಂದ ನೋಡೋಕೆ ಚೆನ್ನಾಗೇ ಇರ್ತೀರ, ಇದೇ ಇದರ ಅಪಾಯ. ಮುಟ್ಟು ತುಂಬಾ ದಿನ ನಿಂತಿದ್ರೆ, ಅಥವಾ ಟ್ರೈನಿಂಗ್‌ನಲ್ಲಿ ಮೂಳೆ ಬಿರುಕು ಬಿಟ್ಟಿದ್ರೆ ಮೂಳೆ ಸಾಂದ್ರತೆ ನೋಡಿ ಅಂತ ಕೇಳಿ. ದೇಹ ಖರ್ಚು ಮಾಡೋಷ್ಟು ಊಟ ಸಿಗದೇ ಇದ್ರೆ ಮುಟ್ಟು, ಮೂಳೆ, ಮನಸ್ಸು ಎಲ್ಲಾ ಒಟ್ಟಿಗೆ ಸೊರಗತ್ತೆ ಅನ್ನೋದನ್ನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕ್ರೀಡಾಪಟುಗಳ ವಿಷಯದಲ್ಲಿ ಹೇಳ್ತು, ಭಾರ ಹೊತ್ತು ಮೈಲಿಗಟ್ಟಲೆ ನಡೆದ ನಿಮ್ಮ ದೇಹಕ್ಕೂ ಅದೇ ಲೆಕ್ಕ.

ಅಮೆರಿಕದಲ್ಲಿ ಸೇವೆ ಮಾಡಿದವರಾದ್ರೆ ಒಂದು ವಿಷಯ ಗೊತ್ತಿರ್ಲಿ, ಸೇವೇಲಿ ನಡೆದ ಲೈಂಗಿಕ ಹಿಂಸೆಯಿಂದ ಬಂದ ತೊಂದರೆಗಳಿಗೆ ವಿಎ ಪುಕ್ಕಟೆ ಚಿಕಿತ್ಸೆ ಕೊಡತ್ತೆ, ಆಗ ದೂರು ಕೊಟ್ಟಿರ್ಬೇಕು ಅಂತಿಲ್ಲ, ದಾಖಲೆ ತೋರಿಸ್ಬೇಕು ಅಂತಲೂ ಇಲ್ಲ. ಎಷ್ಟೋ ಜನ ದಾಖಲೆ ಇಲ್ಲ ಅಂತಲೇ ಹೋಗದೆ ಇರ್ತಾರೆ.

ಹೊತ್ತು ಹೊತ್ತಿಗೆ ತಿನ್ನೋದು, ಇದೇ ಮೊದಲ ಮದ್ದು

ಬಿಂಜ್ ಮತ್ತೆ ಬುಲಿಮಿಯಾಗೆ (ಮುಗಿಬಿದ್ದು ತಿಂದು ಆಮೇಲೆ ವಾಂತಿ, ಭೇದಿ ಮಾತ್ರೆ, ಉಪವಾಸ ಅಂತ ತೀರಿಸೋ ಕಾಯಿಲೆ) ಇವತ್ತು ಚೆನ್ನಾಗಿ ಕೆಲಸ ಮಾಡೋ ಚಿಕಿತ್ಸೆಗಳಲ್ಲಿ ಒಂದು, ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಬೆಳೆಸಿದ ಸಿಬಿಟಿ (ಯೋಚನೆ, ಅಭ್ಯಾಸ ಎರಡನ್ನೂ ಬದಲಾಯಿಸೋ ಮಾತಿನ ಚಿಕಿತ್ಸೆ) ವಿಧಾನ. ಅದರ ಶುರುವಾತು ಎಷ್ಟು ಸರಳ ಅಂದ್ರೆ ಜನ ನಂಬಲ್ಲ. ದಿನಕ್ಕೆ ಮೂರು ಊಟ, ನಡುವೆ ಎರಡೋ ಮೂರೋ ಸಲ ಸಣ್ಣ ತಿಂಡಿ, ಎಚ್ಚರ ಇರೋ ಹೊತ್ತಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಬಿಡೋ ಹಾಗಿಲ್ಲ. ಏನು ತಿನ್ಬೇಕು ಅನ್ನೋದು ಆಮೇಲಿನ ಮಾತು, ಮೊದಲು ಯಾವಾಗ ಅನ್ನೋದು ಸರಿಹೋಗ್ಲಿ.

ಆದ್ರೆ ಒಂದು ಎಚ್ಚರಿಕೆ, ಇದನ್ನ ದಾಟ್ಕೊಂಡು ಹೋಗ್ಬೇಡಿ. ತುಂಬಾ ದಿನದಿಂದ ಹೆಚ್ಚುಕಮ್ಮಿ ಏನೂ ತಿಂದಿಲ್ಲ, ಅಥವಾ ತೂಕ ಸರ್ರನೆ ಇಳಿದಿದೆ ಅಂದ್ರೆ ಮನೇಲಿ ನೀವೇ ಒಂದೇ ಸಲಕ್ಕೆ ಪೂರ್ತಿ ಊಟ ಶುರು ಮಾಡ್ಬಾರ್ದು. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆ ಆದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೇ ಸತ್ತುಹೋದ್ರು, ಯಾಕಂದ್ರೆ ಹಸಿದ ದೇಹಕ್ಕೆ ಒಮ್ಮೆಲೇ ಊಟ ಬಿದ್ರೆ ರಕ್ತದಲ್ಲಿರೋ ಫಾಸ್ಫೇಟ್ ಕುಸಿಯತ್ತೆ. ಅಂಥವರು ಡಾಕ್ಟರ ಕಣ್ಣಳತೇಲೇ ಶುರು ಮಾಡ್ಬೇಕು.

ಹಸಿವೇ ಆಗಲ್ಲ ಅಂತೀರಾ? ಆಗಲ್ಲ, ನಿಜ. ಹಸಿವಿನ ಗಂಟೆ ಕೆಟ್ಟುಹೋಗಿರೋದ್ರಿಂದ ಗೋಡೆ ಗಡಿಯಾರ ನೋಡಿ ತಿನ್ನೋದು, ಫೋನಲ್ಲಿ ಅಲಾರಂ ಇಟ್ಕೊಳ್ಳಿ. ಇಲ್ಲಿ ನಿಮ್ಮ ಸೇನೆಯ ಅಭ್ಯಾಸ ನಿಮ್ಗೆ ಸಹಾಯಕ್ಕೆ ಬರತ್ತೆ, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡೋದು ನಿಮ್ಗೆ ಗೊತ್ತು. ರಾತ್ರಿ ಬಿಂಜ್ ಆಯ್ತು ಅಂತಿಟ್ಕೊಳ್ಳಿ, ಬೆಳಗ್ಗೆ ತಿಂಡಿ ಬಿಡೋ ಹಾಗಿಲ್ಲ, ಅಲಾರಂ ಹೊಡೆದ ತಕ್ಷಣ ತಿನ್ನೋದೇ. ಬೆಳಗ್ಗೆ ಬಿಟ್ಟ ತಿಂಡಿನೇ ಆ ರಾತ್ರಿಯ ಬಿಂಜ್ ಆಗಿ ವಾಪಸ್ ಬರೋದು. ಮೊದಲ ಕೆಲವು ವಾರ ಹೊಟ್ಟೆ ಉಬ್ಬರಿಸತ್ತೆ, ಭಯ ಆಗತ್ತೆ, ಮೈಯೆಲ್ಲ ಬದಲಾಗ್ತಿದೆ ಅನ್ನಿಸತ್ತೆ, ಅದು ದೇಹ ಮತ್ತೆ ಕೆಲಸ ಕಲೀತಾ ಇರೋದು.

ತಟ್ಟೆಗೆ ಹಾಕ್ಕೊಂಡು ಕೂತು ತಿನ್ನಿ. ನಿಂತು, ಪ್ಯಾಕೆಟ್‌ನಿಂದ, ಫ್ರಿಜ್ ಬಾಗಿಲಲ್ಲಿ ಬೇಡ. ಬೆನ್ನ ಹಿಂದೆ ಯಾರಾದ್ರೂ ಓಡಾಡಿದ್ರೆ ಗಂಟಲಲ್ಲಿ ಇಳಿಯಲ್ಲ ಅಂದ್ರೆ ಗೋಡೆಗೆ ಬೆನ್ನು ಹಾಕಿ ಕೂರಿ, ಅದರಲ್ಲಿ ತಪ್ಪೇನಿಲ್ಲ. ತುತ್ತಿಗೂ ತುತ್ತಿಗೂ ನಡುವೆ ಚಮಚ ಕೆಳಗಿಡೋದು ಅನ್ನೋ ಸಣ್ಣ ಅಭ್ಯಾಸ ಮಾಡಿ, ಮೊದಮೊದಲು ಕೈ ತಾನಾಗೇ ಚಮಚ ಹುಡುಕ್ಕೊಂಡು ಹೋಗತ್ತೆ, ಯಾರೋ ಹಿಂದೆ ನಿಂತು ಕೂಗ್ತಾರೆ ಅನ್ನೋ ಹಾಗೆ ಎದೆ ಹೊಡ್ಕೊಳ್ಳತ್ತೆ, ಆಗ ಸುತ್ತ ಕಣ್ಣಾಡಿಸಿ ನಾನೀಗ ಮನೇಲಿದ್ದೀನಿ ಅಂತ ಬಾಯಿಬಿಟ್ಟು ಹೇಳ್ಕೊಳ್ಳಿ, ಆಮೇಲೆ ಚಮಚ ಎತ್ಕೊಳ್ಳಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ಕ್ಯಾಲೊರಿ ಬರೆಯೋಕಲ್ಲ, ದಯವಿಟ್ಟು ಅದು ಬೇಡ, ಕ್ಯಾಲೊರಿ ಆ್ಯಪ್ ಇದ್ರೆ ಫೋನಿಂದ ತೆಗೆದುಹಾಕಿ. ಎಷ್ಟೊತ್ತಿಗೆ ತಿಂದೆ, ಎಲ್ಲಿ ತಿಂದೆ, ಅದಕ್ಕಿಂತ ಮುಂಚೆ ಏನಾಯ್ತು, ಅಷ್ಟೇ ಬರೀರಿ. ಎರಡು ವಾರ ಬರೆದ್ರೆ ದಾರಿ ಕಾಣೋಕೆ ಶುರು ಆಗತ್ತೆ. ಮಧ್ಯಾಹ್ನ ಊಟ ಬಿಟ್ಟ ದಿನ, ಹಳೇ ಯೂನಿಟ್‌ನವರ ಫೋನ್ ಬಂದ ದಿನ, ಕೆಟ್ಟ ಕನಸು ಬಿದ್ದ ರಾತ್ರಿ, ಕನ್ನಡಿ ಮುಂದೆ ಹಳೇ ಯೂನಿಫಾರ್ಮ್ ಹಾಕ್ಕೊಂಡು ನೋಡಿದ ದಿನ. ಯೂನಿಫಾರ್ಮ್ ವಿಷಯ ಬಂತು ಅಂತ ಹೇಳ್ತೀನಿ, ಅದು ನಿಮ್ಮ ಹೆಮ್ಮೆ, ಬಿಸಾಕಿ ಅಂತ ಯಾವತ್ತೂ ಹೇಳಲ್ಲ, ಆದ್ರೆ ಅದನ್ನ ಅಳತೆಗೋಲು ಮಾಡ್ಕೊಂಡು ತಿಂಗಳಿಗೊಮ್ಮೆ ಹಾಕಿ ನೋಡೋದು ನಿಲ್ಲಿಸಿ, ಮಡಚಿ ಪೆಟ್ಟಿಗೆಲಿಡಿ. ಮನೇಲಿರೋ ತೂಕದ ಮೆಷಿನ್ನೂ ಯಾರಿಗಾದ್ರೂ ಕೊಟ್ಬಿಡಿ.

ವಾಂತಿ ಇನ್ನೂ ನಿಂತಿಲ್ಲ ಅಂದ್ರೆ ಒಂದು ಮಾತು, ಆದ ತಕ್ಷಣ ಹಲ್ಲುಜ್ಬೇಡಿ, ಆಸಿಡ್ ಹತ್ತಿ ಮೆತ್ತಗಾದ ಹಲ್ಲು ಉಜ್ಜಿದ್ರೆ ಇನ್ನೂ ಸವೆಯತ್ತೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಬಿಡಿ.

ವ್ಯಾಯಾಮ ಬಿಡ್ಬೇಕಾ

ಡಾಕ್ಟರು ಬೇಡ ಅಂದ್ರೆ ಬಿಡ್ಬೇಕು. ಉಳಿದವರು ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಇವತ್ತು ಓಡದೇ ಇದ್ರೆ ಊಟ ಮಾಡೋಕೆ ನನ್ನನ್ನ ನಾನು ಬಿಡ್ತೀನಾ? ಇಲ್ಲ ಅಂತ ಬಂದ್ರೆ ಅದು ವ್ಯಾಯಾಮ ಅಲ್ಲ, ದಂಡ. ಓಡೋದು ಬಿಟ್ಟು ಕೆಲವು ದಿನ ಜೊತೆಗಾರರ ಜೊತೆ ನಡೆದಾಡಿ, ಗಡಿಯಾರ ಬಿಚ್ಚಿಟ್ಟು. ಗಾಯ ಆಗಿ ಮೊದಲಿನ ಹಾಗೆ ಮಾಡೋಕೆ ಆಗದೇ ಇರೋರಿಗೆ ಇನ್ನೊಂದು ನೋವಿದೆ, ಬಲ ಇದ್ದ ದೇಹ ಹೋಯ್ತು ಅನ್ನೋ ದುಃಖ, ಅದರ ಜೊತೆ ನಾನು ಯಾರು ಅನ್ನೋದೂ ಹೋಯ್ತು ಅನ್ನೋದು. ಅದಕ್ಕೆ ಅಳ್ಬೇಕು ಅನ್ನಿಸಿದ್ರೆ ಅತ್ತುಬಿಡಿ, ಕೌನ್ಸೆಲರ್ ಹತ್ರ ಅದನ್ನೇ ಮಾತಾಡಿ. ಊಟದ ಮಾತಿಗಿಂತ ಮುಂಚೆ ಆ ಮಾತೇ ಬರೋದು ಸಹಜ.

ಆಘಾತಕ್ಕೆ ಚಿಕಿತ್ಸೆ, ಔಷಧಿ

ಪಿಟಿಎಸ್‌ಡಿಗೆ ಚೆನ್ನಾಗಿ ಪರೀಕ್ಷೆ ಆಗಿರೋ ಚಿಕಿತ್ಸೆಗಳಿವೆ, ಕಾಗ್ನಿಟಿವ್ ಪ್ರೊಸೆಸಿಂಗ್ ತೆರಪಿ, ಪ್ರೊಲಾಂಗ್ಡ್ ಎಕ್ಸ್‌ಪೋಶರ್, ಇಎಂಡಿಆರ್, ಎಲ್ಲವೂ ಆಘಾತದ ನೆನಪಿನ ಕಾಟ ಇಳಿಸೋಕೆ ತೆರಪಿಸ್ಟ್ ಜೊತೆ ಕೂತು ಮಾಡೋವು. ಊಟದ ತೊಂದರೆ ಮೊದಲು ಸರಿ ಮಾಡ್ಕೊಂಡು ಬನ್ನಿ ಆಮೇಲೆ ಆಘಾತ ನೋಡೋಣ ಅಂತ ಒಬ್ರು, ಆಘಾತ ಮೊದಲು ಅಂತ ಇನ್ನೊಬ್ರು ಹೇಳಿ, ನಡುವೆ ನೀವು ಎರಡೂ ಬಾಗಿಲ ಹೊರಗೆ ನಿಲ್ಲೋ ಹಾಗಾಗ್ಬಾರ್ದು. ತೀರಾ ಬಡಕಲಾಗಿದ್ರೆ ಮೊದಲು ದೇಹಕ್ಕೆ ಊಟ ಸಿಗ್ಲೇಬೇಕು, ಹಸಿದ ಮೆದುಳಿಗೆ ತೆರಪಿ ಹತ್ತಲ್ಲ, ಅದು ಬೇರೆ ಮಾತು. ಅದು ಬಿಟ್ರೆ ಎರಡನ್ನೂ ಜೊತೆಜೊತೆಗೆ ತಗೊಂಡು ಹೋಗೋಕಾಗತ್ತೆ, ಎರಡು ಕಡೆ ತೋರಿಸ್ತಿದ್ರೆ ಇಬ್ರಿಗೂ ಮಾತಾಡ್ಕೊಳ್ಳೋಕೆ ಒಪ್ಪಿಗೆ ಬರೆದುಕೊಡಿ. ಒಂದು ಅನುಭವಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿರಿ, ಬಿಂಜ್ ಕಮ್ಮಿ ಆಗ್ತಾ ಬಂದ ಹಾಗೆ ಅದು ಮುಚ್ಚಿಟ್ಟಿದ್ದ ನೆನಪು ಮೇಲೆ ಬರತ್ತೆ, ಕನಸು ಜಾಸ್ತಿ ಆಗತ್ತೆ, ಆಗ ಚಿಕಿತ್ಸೆ ನನಗೆ ಆಗಿಬರಲ್ಲ ಅಂತ ಬಿಡೋರು ತುಂಬಾ. ಅದನ್ನ ಬಿಡದೆ ಕೌನ್ಸೆಲರ್‌ಗೆ ಹೇಳಿ.

ಔಷಧಿ ಡಾಕ್ಟರೇ ಬರೀಬೇಕು, ನಿಮ್ಗೆ ಗೊತ್ತಿರ್ಬೇಕಾದ್ದು ಇಷ್ಟು. ಬುಲಿಮಿಯಾಗೆ ಫ್ಲೂಕ್ಸೆಟಿನ್ ಕೊಡ್ತಾರೆ, ಬಿಂಜ್‌ಗೆ ಲಿಸ್‌ಡೆಕ್ಸ್‌ಆ್ಯಂಫೆಟಮಿನ್‌ಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿದೆ. ಬುಪ್ರೋಪಿಯಾನ್ ಅಂತ ಒಂದಿದೆ, ಖಿನ್ನತೆಗೂ ಕೊಡ್ತಾರೆ, ಸಿಗರೇಟ್ ಬಿಡೋಕೂ ಕೊಡ್ತಾರೆ, ಅದನ್ನ ಅನೊರೆಕ್ಸಿಯಾ, ಬುಲಿಮಿಯಾ ಇರೋರು ತಗೊಳೋ ಹಾಗಿಲ್ಲ, ಫಿಟ್ಸ್ ಬರೋ ಅಪಾಯ ಇದೆ. ವಾಂತಿ ಮಾಡೋ ವಿಷಯ ಡಾಕ್ಟರಿಂದ ಮುಚ್ಚಿಟ್ರೆ ಹೀಗೇ ಆಗೋದು, ಅವರು ಒಳ್ಳೇದಕ್ಕೆ ಬರೆದ ಮಾತ್ರೆನೇ ಕೆಟ್ಟದ್ದು ಮಾಡ್ಬಹುದು. ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಯಾರಾದ್ರೂ ಮಾತೆತ್ತಿದ್ರೂ ನಿಮ್ಮ ಊಟದ ಚರಿತ್ರೆ ಪೂರ್ತಿ ಹೇಳಿ ಆಮೇಲೆ ನಿರ್ಧಾರ ಮಾಡಿ.

ಮನೆಯವರಿಗೆ

ನಿಮ್ಮ ಅಕ್ಕನೋ, ಹೆಂಡತಿನೋ, ಅಮ್ಮನೋ ಹೀಗಿದ್ರೆ ಅವರ ಮೈ ಬಗ್ಗೆ ಮಾತಾಡೋದು ನಿಲ್ಲಿಸಿ, ಒಳ್ಳೇ ಮಾತೂ ಬೇಡ. ಈಗ ಮೈ ತುಂಬ್ಕೊಂಡಿದ್ದೀಯ, ಚೆನ್ನಾಗಿ ಕಾಣ್ತೀಯ ಅಂತ ನೀವು ಪ್ರೀತಿಯಿಂದ ಹೇಳಿದ್ದು ಅವರಿಗೆ ಬೇರೆ ಥರ ಕೇಳಿಸತ್ತೆ. ತಟ್ಟೆ ಕಾಯ್ಬೇಡಿ. ಜೊತೇಲಿ ಕೂತು ಊಟ ಮಾಡಿ, ಊಟ ಆದ್ಮೇಲೆ ಅರ್ಧ ಮುಕ್ಕಾಲು ಗಂಟೆ ಜೊತೇಲೇ ಇರಿ, ಏನಾದ್ರೂ ಬೇರೆ ಮಾತಾಡಿ, ಆ ಹೊತ್ತೇ ಅವರಿಗೆ ಕಷ್ಟದ ಹೊತ್ತು. ಗಡಿಲಿ ನಿಂತವಳು ನೀನು, ಒಂದು ತಿಂಡಿ ಮುಂದೆ ಸೋತ್ಯಾ ಅನ್ನೋ ಮಾತು ಮಾತ್ರ ಯಾವತ್ತೂ ಬಾಯಿಂದ ಬರ್ಬಾರ್ದು.

ತಡ ಮಾಡದೆ ಎಮರ್ಜೆನ್ಸಿಗೆ ಹೋಗ್ಬೇಕಾದ್ದು ಯಾವಾಗ ಅಂದ್ರೆ: ತಲೆಸುತ್ತಿ ಬಿದ್ರೆ, ಎದೆ ನೋವು ಅಥವಾ ಬಡಿತ ತಪ್ಪಿದ ಹಾಗೆ ಅನ್ನಿಸಿದ್ರೆ, ವಾಂತೀಲಿ ರಕ್ತ ಬಂದ್ರೆ, ಕೈಕಾಲು ಸೋತು ಸೆಳೆತ ಬಂದ್ರೆ, ಮಾತು ತೊದಲಿ ಗೊಂದಲ ಆದ್ರೆ. ಸಾಯೋ ಯೋಚನೆ ಬಂದ್ರೂ ಅಷ್ಟೇ, ಅದಕ್ಕೂ ಎಮರ್ಜೆನ್ಸಿನೇ. ಅಮೆರಿಕದಲ್ಲಿರೋ ಮಾಜಿ ಸೈನಿಕರು 988ಕ್ಕೆ ಕಾಲ್ ಮಾಡಿ 1 ಒತ್ತಬೇಕು, ಬೇರೆ ಕಡೆ ಇರೋರು ತಮ್ಮ ದೇಶದ ಸಹಾಯವಾಣಿ ನಂಬರ್‌ನ ಇವತ್ತೇ ಫೋನಲ್ಲಿ ಸೇವ್ ಮಾಡಿಡಿ. ಮನೇಲಿ ಬಂದೂಕು ಇದ್ರೆ ಈ ದಿನಗಳಲ್ಲಿ ಅದು ಬೇರೆಯವರ ಕೈಲಿ, ಬೀಗದೊಳಗೆ ಇರ್ಲಿ, ಇದನ್ನ ಕೇಳೋಕೆ ಮನೆಯವರು ಹಿಂಜರಿಯಬಾರದು.

ಮೊದಲ ಡಾಕ್ಟರು ನಿಮ್ಮ ಕಡೆ ಒಮ್ಮೆ ನೋಡಿ, ತೂಕ ಸರಿಯಾಗೇ ಇದೆಯಲ್ಲ, ಸ್ವಲ್ಪ ಕಂಟ್ರೋಲ್ ಮಾಡ್ಕೊಳ್ಳಿ ಅಂದ್ಬಿಟ್ರೆ ಏನು ಮಾಡೋದು ಅಂತ ತುಂಬಾ ಜನ ಕೇಳ್ತಾರೆ. ಹಾಗೆ ಆಗತ್ತೆ, ಆದಾಗ ಹೊಟ್ಟೆ ಉರಿಯತ್ತೆ. ಕೊಟ್ಟ ಹಾಳೆನ ವಾಪಸ್ ಇಸ್ಕೊಳ್ಳಿ, ಕೇಳಿದ ಟೆಸ್ಟ್ ಮಾಡಲ್ಲ ಅಂದಿದ್ದನ್ನ ಫೈಲಲ್ಲಿ ಬರೆದುಕೊಡಿ ಅಂತ ಸಮಾಧಾನವಾಗಿ ಕೇಳಿ, ಇಷ್ಟು ಕೇಳಿದ್ರೇ ಕೆಲವು ಸಲ ಟೆಸ್ಟ್ ಬರೆದುಕೊಡ್ತಾರೆ. ಇಲ್ದಿದ್ರೆ ಈಟಿಂಗ್ ಡಿಸಾರ್ಡರ್ ನೋಡಿ ಗೊತ್ತಿರೋ ಇನ್ನೊಬ್ರ ಹತ್ರ ಅದೇ ವಾರ ಅಪಾಯಿಂಟ್‌ಮೆಂಟ್ ತಗೊಳ್ಳಿ, ಸಾಧ್ಯ ಆದ್ರೆ ಒಬ್ರನ್ನ ಜೊತೆಗೆ ಕರ್ಕೊಂಡು ಹೋಗಿ, ನೀವು ಮಾತು ನುಂಗಿದ ಕಡೆ ಅವರು ಹೇಳ್ತಾರೆ. ಆ ದಿನ ಬೆಳಗ್ಗೆ ತಿಂಡಿ ತಿಂದೇ ಹೊರಡಿ. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೇಲಿ ಬನ್ನಿ ಅಂತ ಹೇಳಿದ್ರೆ ಫೋನ್ ಮಾಡಿ ನಿಜವಾಗ್ಲೂ ಬೇಕಾ ಅಂತ ಕೇಳಿ, ಪೊಟ್ಯಾಸಿಯಂ ಸೋಡಿಯಂ ನೋಡೋಕೆ ಉಪವಾಸ ಬೇಕಾಗಿಲ್ಲ. ಬೇಕೇ ಬೇಕು ಅಂದ್ರೆ ದಿನದ ಮೊದಲ ಸ್ಲಾಟ್ ತಗೊಂಡು, ಬ್ಯಾಗಲ್ಲಿ ಡಬ್ಬಿ ಇಟ್ಕೊಂಡು ಹೋಗಿ, ರಕ್ತ ಕೊಟ್ಟ ತಕ್ಷಣ ಅಲ್ಲೇ ಕೂತು ತಿನ್ನಿ.